ನಲವತ್ತಕ್ಕೆ ನಲವತ್ತು

"ಇಂಟರ್‌ವ್ಯೂಗೆ ಹೊರಟಿದ್ದೀರಿ. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಏನ್ ಮಾಡ್ತೀರಿ?"

"ಇಳಿದು ಬ್ಯಾಟರಿ ವೈರು ನೋಡ್ತೀನಿ ಸಾರ್. ಆಗ್ಲಿಲ್ಲಾಂದ್ರೆ ಹಾಲಿನ ವ್ಯಾನಿಗೆ ಕೈ ಅಡ್ಡ ಹಾಕ್ತೀನಿ."

ಆಪ್ತಸಲಹೆಗಾರನಿಗೆ ಗಾಬರಿಯಾಯಿತು. ವೈರಿಂಗ್ ಕೆಲಸದವನು ಈ ಪ್ರಶ್ನೆಗೂ ಪೂರ್ತಿ ಅಂಕ ಹೊಡೆದಿದ್ದ. ದಿನಕ್ಕೆ ನಾಲ್ಕು ಸಲ ಪುಡಿ ಹುಡುಕಿ, ಸಿರಿಂಜು ಹೊಂದಿಸಿ, ಪೊಲೀಸರ ಕಣ್ಣು ತಪ್ಪಿಸಿ, ಬತ್ತಿದ ತೋಳಿನಲ್ಲಿ ನರ ಹಿಡಿಯುವವನಿಗೆ ಕೆಟ್ಟ ಬಸ್ಸು ಯಾವ ಲೆಕ್ಕ?

ಸಮಸ್ಯೆ ಬಿಡಿಸುವ ಪರೀಕ್ಷೆಯಲ್ಲಿ ನಲವತ್ತಕ್ಕೆ ಮೂವತ್ತೆಂಟು. ವ್ಯಸನಮುಕ್ತಿ ಕೇಂದ್ರದ ನಿಯಮ ಸರಳವಾಗಿತ್ತು: ಇಪ್ಪತ್ತರೊಳಗೆ ಬಂದವರು ಅಸಹಾಯಕರು, ಅವರಿಗೆ ಹಾಸಿಗೆ. ಮೇಲೆ ಬಂದವರು ಸಮರ್ಥರು, ಮನೆಗೆ ಹೋಗಬಹುದು. ನಿಯಮ ಬರೆದವನು ಆಪ್ತಸಲಹೆಗಾರನೇ. ಅದಕ್ಕೆ ಅವನಿಗೆ ಡಾಕ್ಟರೇಟೂ ಬಂದಿತ್ತು.

ಇವತ್ತು ಉಳಿದಿದ್ದದ್ದು ಒಂದೇ ಹಾಸಿಗೆ. ಹೊರಗೆ ಬೆಂಚಿನ ಮೇಲೆ ವೈರಿಂಗಿನವನ ಅಕ್ಕ ಕಾಯುತ್ತಿದ್ದಳು.

"ಮನೆಗೆ ಕಳಿಸಿದ್ರೆ ನಾನು ಉಳಿಯಲ್ಲ ಸಾರ್. ಹೋದ ವಾರ ಎರಡು ಸಲ ಮೈ ತಣ್ಣಗಾಗಿತ್ತಂತೆ. ಅಕ್ಕ ನೀರು ಹೊಡೆದು ಎಬ್ಬಿಸಿದ್ಳು."

"ಅದನ್ನ ಈ ಫಾರಮ್ಮಿನಲ್ಲಿ ಕೇಳಿಲ್ಲ."

"ಹಂಗಾದ್ರೆ ಎಲ್ಲಾ ತಪ್ಪು ಅಂತ ಬರ್ಕೊಂಬಿಡಿ."

"ಅದೂ ಒಂದು ಪರಿಹಾರವೇ. ಎರಡು ಅಂಕ ಜಾಸ್ತಿ ಆಗತ್ತೆ."

ಆಪ್ತಸಲಹೆಗಾರ ಪ್ರಾಮಾಣಿಕ. ನಲವತ್ತು ಎಂದು ತಿದ್ದಿದ.

ವೈರಿಂಗಿನವನು ನಕ್ಕ. "ನಿಮಗೆ ಎಷ್ಟು ಬಂದಿತ್ತು ಸಾರ್?"

ಅವನು ಹೋದ ಮೇಲೆ ಆಪ್ತಸಲಹೆಗಾರ ಒಂದು ಹೊಸ ಫಾರಂ ಎಳೆದುಕೊಂಡ. ಬಸ್ಸು ಕೆಟ್ಟರೆ? ಒಳಗೇ ಕೂತಿರುತ್ತೇನೆ. ಹೆಂಡತಿ ಮಾತು ಬಿಟ್ಟರೆ? ನಾನೂ ಬಿಡುತ್ತೇನೆ. ಸುಳ್ಳು ಬರೆಯಲು ಕೈ ಬರಲಿಲ್ಲ. ಒಟ್ಟು ಏಳು. ಕಂಪ್ಯೂಟರ್ ಹಿಂದೆಮುಂದೆ ನೋಡದೆ ಹಾಸಿಗೆ ಚೀಟಿ ಕೊಟ್ಟಿತು.

ಚೀಟಿ ನೋಡಿ ನರ್ಸ್ ಬಂದಳು. "ಏಳಿ ಸಾರ್. ವಾಚು, ಬೆಲ್ಟು ಇಲ್ಲೇ ಬಿಚ್ಚಿಡಿ."

ತಾನು ರೋಗಿಯಲ್ಲ ಎನ್ನಬೇಕಿತ್ತು. ಯಾರೋ ಹೇಳಿದಂತೆ ಕೇಳುವುದು ಎಷ್ಟು ಹಾಯಾಗಿದೆ ಎನಿಸಿ ನಾಚಿಕೆಯಾಯಿತು. ನಾಚಿಕೊಂಡೇ ಬೆಲ್ಟು ಬಿಚ್ಚಿದ.

ವಾರ್ಡಿನಲ್ಲಿ ಅವನನ್ನು ಮಲಗಿಸಿ, ನರ್ಸ್ ಹೊರಗಿನಿಂದ ಬಾಗಿಲು ಹಾಕಿಕೊಂಡು ಹೋದಳು. ಪಕ್ಕದಲ್ಲೇ ಕಿಟಕಿ. ಗಾಜಿನಾಚೆ, ರಸ್ತೆಯಂಚಿನಲ್ಲಿ ವೈರಿಂಗಿನವನು ಗೋಡೆಗೊರಗಿ ಕೂತಿದ್ದ. ಅಂಗಿಯ ಒಂದು ತೋಳು ಮೊಣಕೈ ಮೇಲಕ್ಕೆ ಮಡಚಿತ್ತು. ತುಟಿ ನೀಲಿಗಟ್ಟಿತ್ತು. ಅಕ್ಕ ಅವನ ಕೆನ್ನೆ ತಟ್ಟುತ್ತ, ಬಾಯಿ ದೊಡ್ಡದು ಮಾಡಿ ಏನೋ ಕೂಗುತ್ತಿದ್ದಳು. ಒಳಗೆ ಏನೂ ಕೇಳಿಸುತ್ತಿರಲಿಲ್ಲ.

ಆಪ್ತಸಲಹೆಗಾರ ದಡಬಡಿಸಿ ಎದ್ದು ಕಿಟಕಿಯ ಚಿಲಕಕ್ಕೆ ಕೈ ಹಾಕಿದ. ಅದನ್ನು ಮೇಲಕ್ಕೆತ್ತಬೇಕೋ, ಪಕ್ಕಕ್ಕೆ ಎಳೆಯಬೇಕೋ ತಿಳಿಯದೆ, ಯಾರಾದರೂ ಬಂದು ಹೇಳಲಿ ಎಂದು ಹಾಗೇ ಹಿಡಿದು ನಿಂತ.