ಎಳನೀರಿನ ಕಲೆ

ತಿಪಟೂರಿನ ಆ ವಠಾರದಲ್ಲಿ ಮನೆ ನಾಲ್ಕು, ವಾಷಿಂಗ್ ಮಷಿನ್ ಒಂದು. ಮಾಲೀಕ ಗಂಗಾಧರಯ್ಯ ಅದನ್ನು ಮೆಟ್ಟಿಲ ಕೆಳಗೆ ಇಟ್ಟು ಹೋದವನು ಮತ್ತೆ ತಿರುಗಿ ನೋಡಿರಲಿಲ್ಲ. ಯಾರ ಬಟ್ಟೆ ಯಾವಾಗ ಅನ್ನುವುದನ್ನೆಲ್ಲ ಅಲ್ಲೇ ಬಾಡಿಗೆಗಿದ್ದ ಹೊಂಬಾಳಮ್ಮನ ಗಂಟಲೇ ತೀರ್ಮಾನಿಸುತ್ತಿತ್ತು. ಪಕ್ಕದ ಮನೆಯ ಮಾರಯ್ಯ ಗಾಡಿಯಲ್ಲಿ ಎಳನೀರು ಮಾರುವವನು. ಅವನ ಬಟ್ಟೆ ಮಷಿನ್ನಿಗೆ ಬೀಳಕೂಡದು, ಒಗೆಯುವ ಕಲ್ಲೇ ಗತಿ ಎಂದು ಅವಳು ಕಟ್ಟುಮಾಡಿದ್ದಳು. ಎಳನೀರಿನ ಕಲೆ ಹತ್ತಿದರೆ ಬಟ್ಟೆ ಹರಿದರೂ ಕಲೆ ಹೋಗುವುದಿಲ್ಲ.

ಆವತ್ತು ಅವಳಿಗೆ ಅವಸರ. ತಮ್ಮ ರವಿಕಿರಣ್ ಮಧ್ಯಾಹ್ನ ಕೆಂಕೆರೆಗೆ ಹೆಣ್ಣು ನೋಡಲು ಹೋಗಬೇಕು. ಈಗಾಗಲೇ ಮೂರು ಕಡೆ ಬೇಡ ಅನ್ನಿಸಿಕೊಂಡವನು. ಅದಕ್ಕೆಂದೇ ಕೊಂಡ ಬಿಳಿ ಅಂಗಿಯನ್ನು ಹಿಂದಿನ ದಿನವೇ ಹಾಕಿಕೊಂಡು, ಬಸ್ಸಿನಲ್ಲಿ ಬೆವರಿ ತೊಪ್ಪೆಯಾಗಿ ಬಂದಿದ್ದ. ಒಗೆದು, ಒಣಗಿಸಿ, ಇಸ್ತ್ರಿ ಮಾಡಲು ಬೆಳಗಿನ ಹೊತ್ತಷ್ಟೇ ಇತ್ತು.

ಮಷಿನ್ ಮುಚ್ಚಳ ತೆಗೆದರೆ ಒಳಗೆ ಮಾರಯ್ಯನ ಹೆಂಡತಿ ಮಂಜಮ್ಮನ ಬಟ್ಟೆ. ಒಗೆದು ನಿಂತು ಎಷ್ಟು ಹೊತ್ತಾಗಿತ್ತೋ.

"ಮಂಜೀ, ಏಯ್ ಮಂಜೀ! ತಕ್ಕಂಡ್ ಹೋಗೇ ನಿನ್ ಬಟ್ಟೆಯ!"

"ರೊಟ್ಟಿ ಹಂಚಿನ ಮ್ಯಾಲೈತೆ ಕಣಕ್ಕಾ, ಬಂದೆ!"

ಬರಲಿಲ್ಲ. ಹೊಂಬಾಳಮ್ಮ ಎರಡೂ ಕೈಯಲ್ಲಿ ಬಾಚಿ ಎಲ್ಲವನ್ನೂ ಕಲ್ಲಿನ ಮೇಲೆ ಎತ್ತಿಹಾಕಿದಳು. ಒಂದು ದಿಂಬಿನ ಚೀಲ ಮಣ್ಣಿಗೆ ಬಿತ್ತು. ಬಿದ್ದರೆ ಬೀಳಲಿ ಎಂದು ತಮ್ಮನ ಅಂಗಿ ಹಾಕಿ ಮಷಿನ್ ತಿರುಗಿಸಿದಳು.

ತಂತಿಯ ಮೇಲೆ ಅಂಗಿ ಒಣಗುತ್ತ ಬಂದ ಹಾಗೆ ಎದೆಯ ಮೇಲೆ ಕಂದು ಕಲೆ ಎದ್ದಿತು. ಹೊಂಬಾಳಮ್ಮನ ನೆತ್ತಿ ಉರಿಯಿತು. ಅಂಗಿ ಕಿತ್ತುಕೊಂಡು ಮಂಜಮ್ಮನ ಬಾಗಿಲಿಗೆ ಹೋದಳು.

"ನಿನ್ ಗಂಡನ ಬಟ್ಟೆ ಹಾಕ್ಬ್ಯಾಡ ಅಂತ ಎಷ್ಟು ಸಲ ಬಡ್ಕಂಡಿದ್ದೀನಿ? ನೋಡಿಲ್ಲಿ, ನನ್ ತಮ್ಮ ಹೆಣ್ಣು ನೋಡಾಕೆ ಹಾಕ್ಕಳೋ ಅಂಗಿ!"

ಮಂಜಮ್ಮ ಕಲ್ಲಿನ ಹತ್ತಿರ ಹೋಗಿ ಮಣ್ಣಾದ ದಿಂಬಿನ ಚೀಲ ಎತ್ತಿದಳು. "ಅವರದ್ದು ಒಂದು ಟವಲ್ಲೂ ಹಾಕಿಲ್ಲ ಕಣಕ್ಕಾ. ಇದೂ ಬಿಳೀದೇ. ನೀನು ಮಾಡಿದ ಮಣ್ಣು ಬಿಟ್ರೆ ಇದ್ರಾಗೆ ಕಲೆ ಎಲ್ಲೈತೆ ತೋರ್ಸು."

ಇರಲಿಲ್ಲ. ಹೊಂಬಾಳಮ್ಮ ಅಂಗಿಯನ್ನು ಬಿಡಿಸಿ ನೋಡಿದಳು. ಕಲೆ ಕಾಲರಿನಿಂದ ಜೇಬಿನವರೆಗೆ ಹನಿಹನಿಯಾಗಿ ಇಳಿದಿತ್ತು. ಮಷಿನ್ನಿನಲ್ಲಿ ಹತ್ತಿದ ಕಲೆ ಹಾಗೆ ಸಾಲಾಗಿ ಇಳಿಯುವುದಿಲ್ಲ.

"ಲೇ ರವೀ, ನಿನ್ನೆ ಎಳ್ನೀರು ಕುಡಿದ್ಯೇನ್ಲಾ?"

ಬನಿಯನ್ನಿನಲ್ಲಿ ಕೂತು ಗಡ್ಡ ಹೆರೆಯುತ್ತಿದ್ದ ರವಿಕಿರಣ್, "ಹೂಂ ಕಣಕ್ಕಾ, ಮಾರಣ್ಣನ ಗಾಡೀಲಿ. ಸ್ಟ್ರಾ ಕೊಟ್ಟ, ನಾನೇ ಬ್ಯಾಡ ಅಂತ ಎತ್ಕಂಡ್ ಕುಡಿದೆ. ಚೂರು ಚೆಲ್ತು. ನೀರಲ್ವಾ, ಒಣಗೋಯ್ತು" ಎಂದ.

"ತೆಂಗಿನ ತೋಟದಾಗೆ ಹುಟ್ಟಿ ಬೆಳೆದೋನು! ನೀರಂತೆ ನೀರು!"

ಮಂಜಮ್ಮ ನಗಲಿಲ್ಲ. ನಕ್ಕಿದ್ದರೆ ಹೊಂಬಾಳಮ್ಮನಿಗೆ ಜಗಳ ಮುಂದುವರಿಸಲು ದಾರಿಯಾದರೂ ಇರುತ್ತಿತ್ತು. ತಪ್ಪಾಯ್ತು ಎನ್ನುವ ಮಾತು ಅವಳ ಬಾಯಲ್ಲಿ ಯಾವತ್ತೂ ಬಂದದ್ದಲ್ಲ. ಕಲ್ಲಿನ ಮೇಲಿದ್ದ ಬಟ್ಟೆ, ಮಂಜಮ್ಮನ ಕೈಲಿದ್ದ ದಿಂಬಿನ ಚೀಲ ಎಲ್ಲವನ್ನೂ ಬಾಚಿಕೊಂಡು ಮತ್ತೆ ಮಷಿನ್ನಿಗೆ ಹಾಕಿ, ತನ್ನ ಸೋಪಿನ ಪುಡಿಯನ್ನೇ ಸುರಿದಳು.

"ನಮ್ಮನೆಯೋರ್ದೊಂದು ಬಿಳಿ ಅಂಗಿ ಐತೆ. ಮದುವೆಗಿದುವೆಗೆ ಹಾಕ್ಕಳದು. ಕೊಡ್ಲಾ?" ಎಂದಳು ಮಂಜಮ್ಮ.

ಕಲೆ ಇಲ್ಲ ತಾನೆ ಎಂದು ಹೊಂಬಾಳಮ್ಮನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು.

"ತತ್ತಾ. ಇಸ್ತ್ರಿ ನಾನೇ ಮಾಡ್ಕಂತೀನಿ."