ಝೋಯಿ ಅಂದರೆ ಜೀವ

ಮಗಳು ಆ ಹೆಸರನ್ನು ಮೊದಲ ಸಲ ಹೇಳಿದಾಗ ನನ್ನ ಬಾಯಿ ತುಂಬ ಗುಂಡುಪಿನ್ನುಗಳಿದ್ದವು. ಬಟ್ಟೆ ಹೊಲಿಯುವವಳಿಗೆ ಎರಡು ಕೈ ಸಾಲದು. ತುಟಿಯೇ ನನ್ನ ಪಿನ್ನಿನ ಡಬ್ಬಿ.

"ಹೆಣ್ಣಾದರೆ ಝೋಯಿ," ಅಂದಳು, ತುಂಬಿದ ಹೊಟ್ಟೆ ಸವರಿಕೊಳ್ಳುತ್ತಾ. "ಗ್ರೀಕ್ ಹೆಸರು. ಜೀವ ಅಂತ ಅರ್ಥ."

ಪಿನ್ನು ತೆಗೆದು, "ಜೋಯಿ," ಎಂದೆ.

"ಜೋಯಿ ಅಲ್ಲಮ್ಮ, ಝೋಯಿ. ಹಲ್ಲು ಸೇರಿಸಿ ಗಾಳಿ ಬಿಡು. ನಿನ್ನ ಮಿಷನ್ ಓಡೋ ಸದ್ದು ಬರಬೇಕು. ಬೇಕಾದರೆ ಪಿನ್ನು ಕಚ್ಕೊಂಡೇ ಹೇಳು, ತಾನಾಗೇ ಬರುತ್ತೆ."

ನನಗೆ ರೇಗಿತು. ಲೋಕದಲ್ಲಿರುವ ಹೆಸರೆಲ್ಲ ಖರ್ಚಾಗಿ ಹೋಗಿದ್ದವೇ? "ಈ ಸರ್ಕಸ್ಸೆಲ್ಲ ನನ್ನ ಕೈಲಾಗಲ್ಲ. ನಾನು ಪುಟ್ಟಿ ಅಂತಲೇ ಕರೆಯೋದು. ನೀನು ತಲೆಕೆಳಗಾಗಿ ನಿಂತರೂ ಅಷ್ಟೇ!"

ಅವಳು ಬಿದ್ದು ಬಿದ್ದು ನಕ್ಕಳು. ನನ್ನ ಹಟ ಅವಳಿಗೆ ಹೊಸದಲ್ಲ.

ಮಗು ಅವಸರ ಮಾಡಿತು. ದಿನ ತುಂಬುವ ಮೊದಲೇ ಹೆರಿಗೆಯಾಯಿತು. ರಕ್ತ ಹರಿದು ಮಗಳಿಗೆ ಎಚ್ಚರ ತಪ್ಪಿತು. ಅವಳು ಕೆಳಗಿನ ವಾರ್ಡಿನಲ್ಲಿ, ಮಗು ಮಹಡಿಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ. ಅಂಗೈಯಗಲದ ಮೈಗೆ ಎಷ್ಟೊಂದು ನಳಿಕೆಗಳು!

"ಹೆಸರು ಹಿಡಿದು ಕರೀರಿ ಅಜ್ಜಿ, ದನಿ ಕೇಳಿಸುತ್ತೆ," ಎಂದಳು ನರ್ಸ್.

"ಪುಟ್ಟೀ," ಎಂದೆ. ತಾಯಿ ಆರಿಸಿದ ಹೆಸರಿನಿಂದ ಈ ಕೂಸನ್ನು ಇನ್ನೂ ಯಾರೂ ಕರೆದಿರಲಿಲ್ಲ. ಅಳಿಯನೋ, ಬಾಯಿ ತೆರೆದರೆ ಅಳುತ್ತಿದ್ದ. ನಾನೇ ಮೆಟ್ಟಿಲ ಬಳಿ ಹೋಗಿ, ಸೆರಗಿನ ಅಂಚಿಗೆ ಚುಚ್ಚಿಕೊಂಡಿದ್ದ ಪಿನ್ನುಗಳನ್ನು ಕಿತ್ತು, ಹಲ್ಲಲ್ಲಿ ಕಚ್ಚಿಕೊಂಡು ಆ ಹೆಸರು ಹೇಳಿದೆ. ಹೋಗಿಬರುವವರು ಹುಚ್ಚಿಯನ್ನು ನೋಡುವಂತೆ ನೋಡಿದರು. ನೋಡಲಿ, ನನಗೇನಂತೆ. ಹೇಳುತ್ತಾ ಹೇಳುತ್ತಾ ಪಿನ್ನಿಲ್ಲದೆಯೂ ಬಂತು.

ಗಾಜಿಗೆ ಬಾಯಿ ಹಚ್ಚಿ ಕರೆದೆ. ಝೋಯಿ, ಝೋಯಿ, ಹೋಗಬೇಡ ಕಣೇ. ಸಂಜೆಯಾಗುವಷ್ಟರಲ್ಲಿ ಕೂಸಿನ ಉಸಿರು ನಿಂತಿತು.

ಮರುದಿನ ಮಗಳು ಕಣ್ಣು ಬಿಟ್ಟಳು. "ಈಗಲೇ ಹೇಳ್ಬೇಡಿ, ಅವರು ತಡ್ಕೊಳ್ಳಲ್ಲ," ಎಂದು ಡಾಕ್ಟರು ಬಾಗಿಲಲ್ಲೇ ಎಚ್ಚರಿಸಿದರು. ಮುಖ ತೊಳೆದು, ಇಲ್ಲದ ನಗು ತಂದುಕೊಂಡು ಒಳಗೆ ಹೋದೆ.

"ಮಗು?" ಎಂದಳು.

"ಝೋಯಿ ಚೆನ್ನಾಗಿದ್ದಾಳೆ. ನಿದ್ದೆ ಮಾಡ್ತಿದ್ದಾಳೆ."

ಎಲ್ಲೂ ತಡವರಿಸಲಿಲ್ಲ. ಹೆಸರು ಅವಳು ಹೇಳಿಕೊಟ್ಟ ಹಾಗೇ ಬಂದಿತ್ತು.

ಮಗಳು ನನ್ನ ತುಟಿಯನ್ನೇ ನೋಡಿದಳು. ನೋಡುತ್ತಿದ್ದಂತೆ ಅವಳ ಮುಖ ಬಿಳಿಚಿತು.

"ಪುಟ್ಟಿ ಅಂತ ಯಾಕಮ್ಮ ಅನ್ನಲಿಲ್ಲ?" ಎಂದಳು.