ನಮ್ಮ ಮನೆಗೆ ಪ್ರೋ ಬಂದದ್ದು

ನಮ್ಮ ಯಜಮಾನರು ದಾಖಲೆ ಕಚೇರಿಯ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾಗಿ ಆರು ವರ್ಷವಾಯಿತು. ಕಚೇರಿಯ ಚಾಳಿ ಮಾತ್ರ ಇನ್ನೂ ಸೇವೆಯಲ್ಲಿದೆ.

ಮೂವತ್ತು ವರ್ಷ ಅವರಿವರ ಬಟ್ಟೆ ಹೊಲಿದ ನನಗೆ ಈಚೆಗೆ ಅದೃಷ್ಟ ಖುಲಾಯಿಸಿತು. ಹೊಸ ನಾಟಕದ ಉಡುಪುಗಳಿಗೆ ಹನ್ನೆರಡು ಚಿತ್ರ ಬರೆದುಕೊಡಿ, ಹಿಡಿಸಿದರೆ ಕೆಲಸ ನಿಮ್ಮದೇ ಎಂದು ಒಂದು ನಾಟಕ ತಂಡ ಕೇಳಿತ್ತು. ಮುಂದಿನ ತಿಂಗಳ ಹದಿನೈದು ಕೊನೆಯ ದಿನ. ಪೋಸ್ಟರಿನಲ್ಲಿ ನನ್ನ ಹೆಸರು! ಪೆನ್ಸಿಲಿನಲ್ಲಿ ಗೀಚಿ ಕಂಪ್ಯೂಟರಿನಲ್ಲಿ ಬಣ್ಣ ತುಂಬೋಣವೆಂದರೆ, ಹಳೇ ಆಪರೇಟಿಂಗ್ ಸಿಸ್ಟಂ ಚಿತ್ರದ ಸಾಫ್ಟ್‌ವೇರನ್ನು ಒಳಗೇ ಬಿಡಲಿಲ್ಲ. ಹೊಸದು ಕೊಳ್ಳಲು ಇಬ್ಬರೂ ಅಂಗಡಿಗೆ ಹೋದರೆ ಅದರಲ್ಲಿ ಎರಡು ಬಗೆ: ಮನೆಗಳಿಗೆ ಹೋಮ್, ಕಚೇರಿಗಳಿಗೆ ಪ್ರೋ.

"ಮನೆಗೆ ತಾನೆ? ಹೋಮ್ ಸಾಕು ಅಂಕಲ್," ಎಂದಳು ಕಂಪ್ಯೂಟರ್ ಅಂಗಡಿಯವಳು.

ಇವರು ಮುಖ ಗಂಟಿಕ್ಕಿದರು. "ನಲವತ್ತು ಜನರ ಕೈಲಿ ಕೆಲಸ ಮಾಡಿಸಿದೋನಮ್ಮ ನಾನು. ನನಗೆ ಹೋಮಾ?"

ಮನೆಗೆ ಬಂದವರೇ ಫೈಲು ತೆರೆದರು. ಹೋಮ್, ಪ್ರೋ ಎರಡನ್ನೂ ತೂಗಿ ನೋಡಲು ಹತ್ತೊಂಬತ್ತು ಕಾಲಮ್ಮಿನ ಪಟ್ಟಿ. "ದೂರದ ಶಾಖೆಯೊಂದಿಗೆ ಸಂಪರ್ಕ" ಎಂಬಲ್ಲಿಯೂ "ಅತ್ಯಗತ್ಯ" ಎಂದು ಷರಾ ಬರೆದರು. ನಮ್ಮ ದೂರದ ಶಾಖೆ ಎಂದರೆ ಅಡುಗೆಮನೆ. ಮೊದಲು ಕರಡು, ಆಮೇಲೆ ಶುದ್ಧಪ್ರತಿ, ಆಮೇಲೆ ಕರಡನ್ನು ಚೂರು ಮಾಡಿ ಕಸದ ಬುಟ್ಟಿಗೆ. ಇದು ಅವರ ಕಚೇರಿಯ ಪದ್ಧತಿ.

ಹನ್ನೆರಡು ದಿನ ಹೀಗೆ ಕಳೆದು ಪ್ರೋ ಬಂತು. ಇವರು ತಾವೇ ಕಂಪ್ಯೂಟರಿನ ಅಡ್ಮಿನಿಸ್ಟ್ರೇಟರ್ ಆದರು, ನನ್ನನ್ನು "ಸಾಮಾನ್ಯ ಬಳಕೆದಾರ" ಎಂದು ನೇಮಿಸಿದರು. ಮದುವೆಯಾದಾಗಿನಿಂದ ನನ್ನದು ಅದೇ ಹುದ್ದೆ.

ನಾನು ಹಗಲೆಲ್ಲ ಕೂತು ಬಣ್ಣ ತುಂಬಿ ಮುಗಿಸಿದೆ. "ನಿನ್ನ ಚಿತ್ರ ಯಾರೂ ಕದೀಬಾರ್ದು," ಎಂದು ಇವರು ಇಡೀ ಕಂಪ್ಯೂಟರಿಗೇ ಬೀಗ ಹಾಕಿದರು. ಅದಕ್ಕೆ ನಲವತ್ತೆಂಟು ಅಂಕಿಯ ಕೀಲಿ. ಚೀಟಿಯಲ್ಲಿ ಬರೆದಿಟ್ಟುಕೊಂಡರು. ಹದಿಮೂರರ ಬೆಳಿಗ್ಗೆ ಇನ್ನಷ್ಟು ಭದ್ರವಾಗಲೆಂದು ಏನೇನೋ ಒತ್ತಿದರು. ಪರದೆ ನೀಲಿಯಾಗಿ ಕೀಲಿ ಕೇಳಿತು.

"ರೀ, ಆ ಚೀಟಿ ಎಲ್ಲಿ?"

"ಶುದ್ಧಪ್ರತಿ ಟೈಪ್ ಮಾಡಿಟ್ಟಿದ್ದೀನಲ್ಲ."

"ಎಲ್ಲಿ?"

ಕಂಪ್ಯೂಟರಿನ ಕಡೆ ಎತ್ತಿದ ಕೈ ಅರ್ಧಕ್ಕೇ ನಿಂತಿತು.

"ಕರಡು?"

"ಪದ್ಧತಿ ಪ್ರಕಾರ..."

ಕಸದ ಗಾಡಿ ಹಿಂದಿನ ದಿನವೇ ಬಂದು ಹೋಗಿತ್ತು. ನನಗೆ ಅಳು ಉಕ್ಕಿ ಬಂತು. ಇನ್ನು ಉಳಿದದ್ದು ಎರಡೇ ದಿನ. "ಬೀಗ ಎಷ್ಟು ಗಟ್ಟಿ ನೋಡು," ಎಂದರು ಮಹಾರಾಯರು, ಮೆಲ್ಲಗೆ.

ಪುಣ್ಯಕ್ಕೆ ನಾನು ಕರಡು ಹರಿಯುವವಳಲ್ಲ. ಹೊಲಿಗೆ ಯಂತ್ರದ ಪಕ್ಕದ ಚಿಂದಿ ಚೀಲಕ್ಕೆ ಕೈ ಹಾಕಿದೆ. ಹನ್ನೆರಡೂ ಪೆನ್ಸಿಲ್ ಚಿತ್ರಗಳು ಅಲ್ಲೇ ಮುದುಡಿ ಬಿದ್ದಿದ್ದವು. ಎರಡು ದಿನ ಅಡುಗೆ ಅವರ ಪಾಲಿಗೆ, ನೀರುಬಣ್ಣ ನನ್ನ ಪಾಲಿಗೆ. ಹದಿನೈದರಂದು ನಾನೇ ಹೋಗಿ ಕೊಟ್ಟು ಬಂದೆ. ವಾರದಲ್ಲಿ ಕೆಲಸ ನನ್ನದಾಯಿತು.

ಅಂಗಡಿಯವಳು ಬಂದು ಎಲ್ಲ ಅಳಿಸಿದಳು. "ಈಗ ಯಾವ್ದು ಹಾಕ್ಲಿ?"

ಇವರು ನನ್ನ ಮುಖ ನೋಡಿದರು.

"ಹೋಮ್," ಎಂದೆ.

"ಅಡ್ಮಿನಿಸ್ಟ್ರೇಟರ್?" ಎಂದಳು ಅವಳು.

"ನಾನು."

ಮರುದಿನ ಇವರು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. "ಪೇಪರ್ ಓದ್ಬೇಕಿತ್ತು. ಪಾಸ್‌ವರ್ಡ್ ಏನು?"

"ಅರ್ಜಿ ಬರ್ಕೊಡಿ," ಎಂದೆ. "ಕರಡು ಹರೀಬೇಡಿ."

ತಮಾಷೆಗೆ ಹೇಳಿದ್ದು. ಅರ್ಧ ಗಂಟೆಯಲ್ಲಿ ಅರ್ಜಿ ಬಂದೇಬಿಟ್ಟಿತು, ಎರಡು ಪ್ರತಿ. ಕೆಳಗೆ ರುಜು, ಅದರ ಕೆಳಗೆ ಮುದ್ದಾದ ಅಕ್ಷರದಲ್ಲಿ ಹುದ್ದೆ: ಸಾಮಾನ್ಯ ಬಳಕೆದಾರ.